ಗ್ರೀಕ್ ಬರುತ್ತೆ ಅಂತ ಬರೆದವಳು

“ಸರ್, ನಾನು ಸುಳ್ಳು ಬರೆದು ಸೀಟು ತಗೊಂಡಿದೀನಿ!”

ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವಳೇ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಕರಿಹಲಗೆಯ ಮುಂದೆ ನಿಂತು ಬಲದಿಂದ ಎಡಕ್ಕೆ ಹೀಬ್ರೂ ಅಕ್ಷರ ಬರೆಯುತ್ತಿದ್ದ ಗಡ್ಡದವರು ಗಕ್ಕನೆ ತಿರುಗಿದರು. ಎತ್ತರದ ಆಳು, ಮಾಸಿದ ಕೋಟು, ಹುಬ್ಬಿನ ಮೇಲೂ ಸೀಮೆಸುಣ್ಣದ ಪುಡಿ. ಪ್ರೊಫೆಸರ್ ಅಂದರೆ ಹೇಗಿರುತ್ತಾರೆ ಎಂದು ಅವಳು ಅಂದುಕೊಂಡಿದ್ದಳೋ, ಅಳತೆ ತೆಗೆದು ಹೊಲಿದ ಹಾಗೆ ಇದ್ದರು.

“ಅರ್ಜಿಯಲ್ಲಿ ‘ಗ್ರೀಕ್ ಬರುತ್ತೆ, ಒಂದು ವರ್ಷ ಓದಿದೀನಿ’ ಅಂತ ಬರೆದಿದೀನಿ. ಬರಲ್ಲ ಸರ್! ಆಲ್ಫಾ, ಬೀಟಾ, ಥೀಟಾ, ಪೈ… ಗಣಿತದ ಪುಸ್ತಕದಲ್ಲಿ ಬಂದಷ್ಟೇ ಗೊತ್ತು. ಮೂರು ದಿನದಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ. ಹೊರಗೆ ಹಾಕೋದಾದ್ರೆ ಈಗಲೇ ಹಾಕಿಬಿಡಿ. ಇನ್ನೂ ಪುಸ್ತಕಕ್ಕೆ ಬೈಂಡು ಹಾಕಿಲ್ಲ, ವಾಪಸ್ ಕೊಡಬಹುದು!”

ಗಡ್ಡದವರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಕೊನೆಗೆ ಕೆಳಗಿನ ಮಹಡಿಗೂ ಕೇಳುವಂಥ ದನಿಯಲ್ಲಿ, “ಪರವಾಗಿಲ್ಲಮ್ಮ… ಕೂತ್ಕೊಳ್ಳಿ,” ಎಂದರು.

ಅವಳ ಕಣ್ಣು ತುಂಬಿ ಬಂತು. ‘ಎಂಥ ದೊಡ್ಡ ಮನಸ್ಸು! ಒಂದು ಮಾತು ಬೈಯಲಿಲ್ಲ…’

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಪುಟ್ಟ ಆಕೃತಿ ಕಾಣಿಸಿತು. ಬಿಳಿ ಕೂದಲು, ದಪ್ಪ ಕನ್ನಡಕ, ಕಂಕುಳಲ್ಲಿ ತನಗಿಂತ ಭಾರವಾದ ಪುಸ್ತಕ.

“ಯಾರದು ನನ್ನ ಬೋರ್ಡ್ ಮೇಲೆ ಗೀಚಿದ್ದು? ಅರ್ಧಕ್ಕರ್ಧ ಅಕ್ಷರ ತಲೆಕೆಳಗಾಗಿದಾವೆ. ಒರೆಸಿ ಜಾಗಕ್ಕೆ ಹೋಗಯ್ಯ!”

ಗಡ್ಡದವರು, ಅಲ್ಲ, ಗಡ್ಡದವನು, ತೆಪ್ಪಗೆ ಬೋರ್ಡ್ ಒರೆಸಿ ಬಂದು ಅವಳ ಪಕ್ಕದ ಕುರ್ಚಿಯಲ್ಲೇ ಕುಳಿತ.

ಅವಳ ಮುಖ ಕೆಂಪಾಯಿತು, ಬಿಳಿಯಾಯಿತು, ಮತ್ತೆ ಕೆಂಪಾಯಿತು.

“ನೀವು… ನೀವು ಸ್ಟೂಡೆಂಟಾ?” ಹಲ್ಲು ಕಚ್ಚಿ ಪಿಸುಗುಟ್ಟಿದಳು. “ಮೊದಲೇ ಹೇಳೋಕೆ ಏನಾಗಿತ್ತು?”

“ನೀವು ಉಸಿರು ತಗೊಂಡಿದ್ರೆ ಹೇಳ್ತಿದ್ದೆ. ತಗೊಳ್ಳಲೇ ಇಲ್ವಲ್ರೀ!”

ಅವನು ಪಿಸುಗುಟ್ಟಿದ್ದು ಅಂತಲೇ ತಿಳಿದಿದ್ದ. ಇಡೀ ತರಗತಿ ತಿರುಗಿ ನೋಡಿತು.

*

ಅವಳಿಗೆ ಮೂವತ್ತೊಂದು ವರ್ಷ. ಎಂಟು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡಿದವಳು. ಜಡೆಯಲ್ಲಿ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದಳಾದ್ದರಿಂದ ಮನೆಯಲ್ಲೂ ಹೊರಗೂ ಎಲ್ಲರಿಗೂ ಅವಳು ‘ಪೆನ್ಸಿಲ್’.

ಬೈಬಲ್ ಅಧ್ಯಯನದಲ್ಲಿ ಎಂ.ಎ. ಮಾಡುವ ಹುಚ್ಚು ಹತ್ತಿದ್ದೂ ಒಂದು ಕರಡಿನಿಂದಲೇ. ಚರ್ಚಿನ ಮಾಸಪತ್ರಿಕೆ ತಿದ್ದುವಾಗ ಒಂದೇ ವಾಕ್ಯ ಎರಡು ಅನುವಾದಗಳಲ್ಲಿ ಎರಡು ಥರ ಇತ್ತು. ಒಂದರಲ್ಲಿ ‘ಭಯ’, ಇನ್ನೊಂದರಲ್ಲಿ ‘ಗೌರವ’. ಯಾವುದು ಅಚ್ಚಿನ ತಪ್ಪು ಎಂದು ಪಾದ್ರಿಗಳನ್ನು ಕೇಳಿದಳು. ಅವರು ನಕ್ಕುಬಿಟ್ಟರು. “ಎರಡೂ ತಪ್ಪಲ್ಲಮ್ಮ. ಮೂಲದಲ್ಲಿರೋ ಪದ ಒಂದೇ. ಬೇಕಾದ್ರೆ ಅದನ್ನೇ ಹೋಗಿ ಕೇಳು.”

ಅವರು ತಮಾಷೆಗೆ ಹೇಳಿದ್ದರು. ಅವಳು ನಿಜಕ್ಕೂ ಕೇಳಲು ಹೊರಟಳು!

ಟೈಲರ್ ಆಗಿದ್ದ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಹಣೆ ಚಚ್ಚಿಕೊಂಡಿದ್ದಳು. “ಎಂಟು ವರ್ಷ ಊರಿನವರ ಮದುವೆ ಕಾರ್ಡೆಲ್ಲ ತಿದ್ದಿದ್ದಾಯ್ತು. ನಿನ್ನ ಕಾರ್ಡು ಯಾವಾಗಲೇ ಅಚ್ಚು ಹಾಕಿಸೋದು? ಈಗ ಸತ್ತವರ ಭಾಷೆ ಕಲಿತು ಯಾರ ಜೊತೆ ಮಾತಾಡ್ತೀಯ?”

“ಬದುಕಿರೋರ ಜೊತೆ ಮಾತಾಡಿ ಸಾಕಾಗಿದೆ ಅಮ್ಮ.”

ತರಗತಿಯಲ್ಲಿ ಒಟ್ಟು ಆರು ಜನ. ಪಾಠ ಮಾಡುವ ಆ ಪುಟ್ಟ ಆಕೃತಿಯನ್ನು ಎಲ್ಲರೂ ‘ದೊಡ್ಡ ಮೇಡಂ’ ಎನ್ನುತ್ತಿದ್ದರು. ಎತ್ತರ ನೋಡಿ ಇಟ್ಟ ಹೆಸರಲ್ಲ, ವಿದ್ಯಾರ್ಥಿಗಳ ನಡುಕ ನೋಡಿ ಇಟ್ಟದ್ದು. ಆ ಗಡ್ಡದವನು ಆಂಬುಲೆನ್ಸ್ ಡ್ರೈವರ್. ವಾರದ ಕೊನೆಯಲ್ಲಿ ಈಗಲೂ ಡ್ಯೂಟಿಗೆ ಹೋಗುತ್ತಿದ್ದ. ದನಿಯ ದೆಸೆಯಿಂದ ಅವನ ಹೆಸರು ‘ಸೈರನ್’.

ಮೊದಲ ವಾರವೆಲ್ಲ ಪೆನ್ಸಿಲ್ ಅವನತ್ತ ತಿರುಗಿಯೂ ನೋಡಲಿಲ್ಲ. ಆದರೆ ಒಳಗೊಳಗೇ ಪುಕಪುಕ. ‘ನನ್ನ ಗುಟ್ಟು ಇವನ ಬಾಯಲ್ಲಿದೆ. ಈ ಬಾಯಿಗೆ ಗುಟ್ಟು ಅಂದರೇನು ಅಂತ ಗೊತ್ತಿದೆಯೋ ಇಲ್ಲವೋ…’

ಎರಡನೇ ವಾರ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದರು. ಗ್ರೀಕ್ ಬರುತ್ತದೆ ಎಂದು ಬರೆದವರಿಗೆ ನಾಲ್ಕು ತಿಂಗಳ ನಂತರ ಪರೀಕ್ಷೆ. ಪಾಸಾಗದಿದ್ದರೆ ಸೀಟು ರದ್ದು.

ಅವಳು ಆ ಹಾಳೆಯನ್ನು ಮೂರು ಸಲ ಓದಿದಳು. ದುರದೃಷ್ಟ, ಒಂದೂ ಅಚ್ಚಿನ ತಪ್ಪಿರಲಿಲ್ಲ.

“ನಾನು ಹೇಳಿಕೊಡ್ಲಾ?” ಬೆನ್ನ ಹಿಂದಿನಿಂದ ಸೈರನ್ ಮೊಳಗಿತು.

“ಮೆಲ್ಲಗೆ ರೀ! ನಿಮಗೆ ಗ್ರೀಕ್ ಬರುತ್ತಾ? ನಿಜವಾಗ್ಲೂ?”

“ಆರು ವರ್ಷ ಗಾಡಿಯಲ್ಲಿ ಕೂತೇ ಕಲಿತಿದ್ದು. ಫೋನ್ ಬರೋವರೆಗೂ ಡ್ರೈವರ್‌ಗೆ ಕೆಲಸ ಏನಿರುತ್ತೆ ಹೇಳಿ? ಆದ್ರೆ ಹೀಬ್ರೂ ಮಾತ್ರ ಕೇಳಬೇಡಿ. ಅಕ್ಷರದ ಕೆಳಗೆ ಆ ಚುಕ್ಕಿಗಳು… ನೊಣ ಕೂತು ಎದ್ದು ಹೋದ ಹಾಗೆ ಕಾಣ್ತವೆ. ನಿಮಗೆ ಹೇಗೆ ಅಷ್ಟು ಚೆನ್ನಾಗಿ ಗೊತ್ತಾಗುತ್ತೆ?”

“ಎಂಟು ವರ್ಷ ಚುಕ್ಕಿ ಹುಡುಕೋದೇ ನನ್ನ ಕೆಲಸ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲೇ ಕರಾರಾಯಿತು. ಅವನು ಗ್ರೀಕ್ ಕಲಿಸುವುದು, ಅವಳು ಹೀಬ್ರೂ ಕಲಿಸುವುದು. ಮೊದಲ ದಿನದ ಮಾತು ಇಬ್ಬರೂ ಎತ್ತಕೂಡದು!

*

ಗ್ರಂಥಾಲಯದಲ್ಲಿ ಅವರನ್ನು ಎರಡೇ ದಿನ ಸಹಿಸಿಕೊಂಡರು. ಮೂರನೇ ದಿನ ಗ್ರಂಥಪಾಲಕರು ಕೈಮುಗಿದು ಬಾಗಿಲು ತೋರಿಸಿದರು. ಆಮೇಲೆ ಅವರಿಗೆ ಗತಿಯಾದದ್ದು ಸೈರನ್‌ನ ಅಕ್ಕನ ಲಾಂಡ್ರಿ.

ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡಿದ ಹಾಸಿಗೆ ಹೊದಿಕೆಗಳು ಎದೆಯೆತ್ತರಕ್ಕೆ ಪೇರಿಸಿರುತ್ತಿದ್ದವು. ನಡುವೆ ಒಂದು ಸಣ್ಣ ಮೇಜು. ಬಟ್ಟೆ ಒಗೆಯುವ ಯಂತ್ರಗಳ ಗಡಗಡದಲ್ಲಿ ಅವನ ದನಿ ಮೊದಲ ಬಾರಿಗೆ ಸಾಮಾನ್ಯ ಮನುಷ್ಯರ ದನಿಯಂತೆ ಕೇಳಿಸಿತು.

“ನಾಮಪದದ ಬಾಲ ನೋಡಿ ರೀ, ಬಾಲ! ಗ್ರೀಕ್‌ನಲ್ಲಿ ಪದ ಎಲ್ಲಿ ಬೇಕಾದ್ರೂ ನಿಂತಿರುತ್ತೆ. ಯಾರು ಹೊಡೆದ್ರು, ಯಾರಿಗೆ ಏಟು ಬಿತ್ತು ಅಂತ ಬಾಲ ನೋಡೇ ತಿಳ್ಕೋಬೇಕು. ಹೂಂ, ಹೇಳಿ!”

ಅವಳು ಹೇಳುವಳು. ತಪ್ಪುವಳು. ಅವನು ಮೇಜು ಕುಟ್ಟುವನು. ಅವಳು ಜಡೆಯಿಂದ ಪೆನ್ಸಿಲ್ ಕಿತ್ತು ಅವನ ಹೀಬ್ರೂ ಹಾಳೆಯ ಮೇಲೆ ಸೇಡು ತೀರಿಸಿಕೊಳ್ಳುವಳು.

“ಇದೇನಿದು? ‘ರಾಜನು ಕುದುರೆಯನ್ನು ಏರಿದನು’ ಅಂತ ಬರೆಯೋಕೆ ಹೇಳಿದ್ರೆ ‘ಕುದುರೆಯು ರಾಜನನ್ನು ಏರಿತು’ ಅಂತ ಬರೆದಿದೀರಲ್ರೀ!”

“ಪಾಪ, ಕುದುರೆಗೂ ಒಂದು ದಿನ ಆಸೆ ಇರುತ್ತೆ…”

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಹೊದಿಕೆಗಳ ಪೇರಿಗೆ ಒರಗಿದಳು. ನಲವತ್ತು ಹೊದಿಕೆಗಳೂ ಅವಳೂ ಒಟ್ಟಿಗೇ ನೆಲ ಸೇರಿದರು.

ಅಕ್ಕ ಇಣುಕಿ ನೋಡಿ, “ಮೇಷ್ಟ್ರಮ್ಮಾ, ಇವತ್ತು ಯಾವ ಪಾಠ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮುಸಿಮುಸಿ ನಗುತ್ತಾ ಹೋದಳು.

ಒಂದು ಮಧ್ಯಾಹ್ನ, ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಹಬೆ ತೇಲುತ್ತಿದ್ದಾಗ, ಅವಳು ಕೇಳಿದಳು: “ನೀವು ಯಾಕೆ ಈ ಓದಿಗೆ ಬಂದ್ರಿ? ಪಾದ್ರಿ ಆಗೋಕಾ?”

ಅವನು ಹೀಬ್ರೂ ಹಾಳೆ ಮಡಚಿ ಪಕ್ಕಕ್ಕಿಟ್ಟ.

“ಒಂದು ಸಲ ಒಬ್ಬರು ಅಜ್ಜಿನ ಕರ್ಕೊಂಡು ಹೋಗ್ತಿದ್ದೆ. ಜೊತೆಗೆ ಮನೆಯವರು ಯಾರೂ ಇರಲಿಲ್ಲ. ಸಿಗ್ನಲ್‌ನಲ್ಲಿ ಗಾಡಿ ನಿಲ್ತು. ಹಿಂದಿನಿಂದ ಅವರು, ‘ಏನಾದ್ರೂ ಒಳ್ಳೆ ಮಾತು ಹೇಳಪ್ಪ, ಭಯ ಆಗ್ತಿದೆ’ ಅಂದ್ರು. ನನಗೆ ಒಂದೂ ಮಾತು ಹೊಳೀಲಿಲ್ಲ. ‘ಇನ್ನು ಇಪ್ಪತ್ತು ಸೆಕೆಂಡಿಗೆ ಹಸಿರು ಬರುತ್ತೆ ಅಜ್ಜಿ’ ಅಂದೆ.”

“ಆಮೇಲೆ?”

“ಹಸಿರು ಬಂತು. ಅವರು ಹುಷಾರಾದ್ರು, ಅದು ಬೇರೆ ಮಾತು. ಆದ್ರೆ ನನಗೆ ನಾಚಿಕೆ ಆಯ್ತು. ಅಷ್ಟು ದೊಡ್ಡ ಗಂಟಲು ಇಟ್ಕೊಂಡು ಒಂದು ಮಾತಿಲ್ವಲ್ಲ ಅಂತ. ಯಾರೋ ಹೇಳಿದ್ದನ್ನ ಗಿಳಿಪಾಠ ಒಪ್ಪಿಸೋಕೆ ಇಷ್ಟ ಇರಲಿಲ್ಲ. ಅದಕ್ಕೇ ಮೂಲದಿಂದ ಓದೋಣ ಅಂತ…”

ಅವಳು ಪೆನ್ಸಿಲ್ ಕೆಳಗಿಟ್ಟಳು. ತಿದ್ದಲು ಏನೂ ಇರಲಿಲ್ಲ.

‘ಅಯ್ಯೋ… ಇದೇನಾಗ್ತಿದೆ ನನಗೆ?’

ಆ ಸಂಜೆ ಮನೆಗೆ ಹೋದವಳು ಅಮ್ಮನ ಮುಂದೆ ಕೂತು ಸುಮ್ಮಸುಮ್ಮನೆ ಅವನ ಮಾತೇ ಎತ್ತಿದಳು. ಅವನು ಹಾಗಂದ, ಅವನು ಹೀಗಂದ, ಅವನ ಕುದುರೆ ಏರಿತು! ಅಮ್ಮ ಬಾಯಲ್ಲಿದ್ದ ಸೂಜಿ ತೆಗೆದು, “ಅಳತೆ ಕೊಟ್ಟು ಹೋಗು ಅನ್ನು ಅವನಿಗೆ. ಆ ಮಾಸಿದ ಕೋಟು ನೋಡೋಕಾಗಲ್ಲ ಅಂತ ನೀನೇ ನಾಲ್ಕು ಸಲ ಹೇಳಿದೆ,” ಎಂದಳು.

*

ಪರೀಕ್ಷೆಗೆ ಇನ್ನು ಮೂರು ವಾರ. ಅವತ್ತು ಬೆಳಿಗ್ಗೆ ಪೆನ್ಸಿಲ್ ಹೊಸ ರಿಬ್ಬನ್ ಕಟ್ಟಿಕೊಂಡು, ಅಮ್ಮ ಕೊಟ್ಟ ಅಳತೆ ಟೇಪನ್ನು ಚೀಲದಲ್ಲಿಟ್ಟುಕೊಂಡು, ಏನು ಹೇಳಿ ಅವನ ಭುಜದ ಅಳತೆ ತೆಗೆಯುವುದು ಎಂದು ಯೋಚಿಸುತ್ತಾ ಮೆಟ್ಟಿಲು ಹತ್ತುತ್ತಿದ್ದಳು.

ದೊಡ್ಡ ಮೇಡಂ ಕೋಣೆಯ ಬಾಗಿಲು ಮುಚ್ಚಿತ್ತು. ಮುಚ್ಚಿದ್ದರೇನು? ಒಳಗಿದ್ದವನು ಸೈರನ್!

“…ಮೊದಲೇ ದುರ್ಬಲ ಮೇಡಂ. ನೋಡೋಕೆ ನೆಟ್ಟಗಿದೆ ಅನ್ಸುತ್ತೆ, ಒಳಗೆ ಬರೀ ಟೊಳ್ಳು! ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರಲ್ಲ. ಎಷ್ಟೋ ದಿನದಿಂದ ಏಗ್ತಿದೀನಿ. ದಿನಾ ಲಾಂಡ್ರಿಯಲ್ಲಿ ಕೂತು ತಲೆ ಚಚ್ಕೊಳ್ಳೋದೇ ಆಯ್ತು. ನಿಜ ಹೇಳ್ಬೇಕಂದ್ರೆ, ಜೀವನಪೂರ್ತಿ ಸಂಭಾಳಿಸೋದು ನನ್ನ ಕೈಲಿ ಆಗಲ್ಲ!”

ಅವಳ ಕಾಲು ಅಲ್ಲೇ ಕಂಬವಾಯಿತು.

ದುರ್ಬಲ… ಟೊಳ್ಳು… ಏಗುವುದು… ಲಾಂಡ್ರಿ…

‘ನನ್ನ ಬಗ್ಗೆ! ಮೇಡಂ ಮುಂದೆ! ಇಷ್ಟು ದಿನ ನಗ್ತಾ ಇದ್ದಿದ್ದೆಲ್ಲ…’

ಅಳತೆ ಟೇಪು ಚೀಲದಲ್ಲೇ ಉಳಿಯಿತು. ಕೆಳಗಿಳಿದು, ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು, ತನ್ನ ಬಳಿಯಿದ್ದ ಅವನ ಹೀಬ್ರೂ ನೋಟ್‌ಪುಸ್ತಕ ತೆಗೆದು, ಕೊನೆಯ ಪುಟದಲ್ಲಿ ದುಂಡಾಗಿ ಬರೆದಳು:

‘ದುರ್ಬಲವಾದದ್ದರ ಜೊತೆ ಯಾರೂ ಜೀವನಪೂರ್ತಿ ಏಗಬೇಕಾಗಿಲ್ಲ. ಆಗದಿದ್ದರೆ ಬಿಟ್ಟುಬಿಡುವುದೇ ಮರ್ಯಾದೆ. ಇನ್ನು ಮುಂದೆ ನಾನು ಲಾಂಡ್ರಿಗೆ ಬರುವುದಿಲ್ಲ.’

ಅದನ್ನು ಅವನ ಕುರ್ಚಿಯ ಮೇಲೆ ಎಸೆದು ಹೋದಳು.

ಈಗ ಅವನ ಪಾಡು ಕೇಳಿ. ಪಾಪದವನು ಆ ಪುಟ ಓದಿದ. ಎರಡನೇ ಸಲ ಓದಿದ. ಅವನ ಪಾಲಿಗೆ ಇಡೀ ಪ್ರಪಂಚದಲ್ಲಿ ದುರ್ಬಲವಾದದ್ದು ಅಂದರೆ ಒಂದೇ: ಅವನ ಹೀಬ್ರೂ! ‘ಅವರಿಗೂ ಸಾಕಾಗಿಹೋಯ್ತು. ನಿನಗೆ ಈ ಭಾಷೆ ಹತ್ತಲ್ಲ, ಗೌರವವಾಗಿ ಬಿಟ್ಟು ಹೋಗು ಅಂತಿದ್ದಾರೆ. ಅವರೇ ಹಾಗಂದ ಮೇಲೆ…’

ಮೂರು ವಾರ ಇಬ್ಬರೂ ಅಕ್ಕಪಕ್ಕ ಕೂತರು, ಒಂದೂ ಮಾತಿಲ್ಲ. ಅವಳು ಗೋಡೆ ನೋಡುವಳು, ಇವನು ಕಿಟಕಿ ನೋಡುವನು. ದೊಡ್ಡ ಮೇಡಂ ಇಬ್ಬರನ್ನೂ ಕನ್ನಡಕದ ಮೇಲಿನಿಂದ ನೋಡುವರು. ಒಂದು ವಿಷಯ ಮಾತ್ರ ಪೆನ್ಸಿಲ್‌ಗೆ ಬಿಡಿಸಲಾರದ ಒಗಟಾಗಿತ್ತು. ಇಷ್ಟು ಮುನಿಸಿನಲ್ಲೂ ಅವನು ಅವಳ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ.

*

ಪರೀಕ್ಷೆಯ ದಿನ ಬಂತು. ಪ್ರಶ್ನೆಪತ್ರಿಕೆ ಬಿಡಿಸಿದಳು. ಮೊದಲ ವಾಕ್ಯದಲ್ಲೇ ನಾಮಪದವೊಂದು ಊರಾಚೆ ನಿಂತಿತ್ತು.

‘ಬಾಲ ನೋಡಿ ರೀ, ಬಾಲ!’

ಬೇಡವೆಂದರೂ ಆ ದನಿಯೇ ಕಿವಿಯಲ್ಲಿ. ಎರಡನೇ ಪ್ರಶ್ನೆಗೂ ಅದೇ ದನಿ, ಮೂರನೆಯದಕ್ಕೂ ಅದೇ. ಉತ್ತರ ನೀರಿನಂತೆ ಬರುತ್ತಿತ್ತು, ಕಣ್ಣಿಂದಲೂ ನೀರು ಬರುತ್ತಿತ್ತು.

ಮೇಲ್ವಿಚಾರಕರು ಬಗ್ಗಿ ಕೇಳಿದರು, “ಯಾಕಮ್ಮಾ, ತುಂಬಾ ಕಷ್ಟ ಇದೆಯಾ?”

“ಇಲ್ಲ ಸರ್,” ಬಿಕ್ಕಿದಳು, “ತುಂಬಾ ಸುಲಭವಾಗಿದೆ…”

ಅವರು ಎರಡು ಹೆಜ್ಜೆ ದೂರ ಸರಿದು ನಿಂತರು.

ವಾರದ ನಂತರ ಫಲಿತಾಂಶ. ನೂರಕ್ಕೆ ಎಪ್ಪತ್ತಾರು! ಸೀಟು ಉಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಕಂಡ ತಪ್ಪನ್ನು ಹಾಗೇ ಅಚ್ಚಿಗೆ ಬಿಡುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ನೇರ ದೊಡ್ಡ ಮೇಡಂ ಕೋಣೆಗೆ ನಡೆದಳು. ಈ ಸಲ ಮೇಜಿನ ಆಚೆ ಕೂತವರು ಯಾರು ಎಂದು ಎರಡೆರಡು ಬಾರಿ ನೋಡಿಕೊಂಡಳು.

“ಮೇಡಂ, ನಾನು ಅರ್ಜಿಯಲ್ಲಿ ಸುಳ್ಳು ಬರೆದಿದ್ದೆ. ಸೇರುವಾಗ ನನಗೆ ಗ್ರೀಕ್ ಬರ್ತಿರಲಿಲ್ಲ.”

ದೊಡ್ಡ ಮೇಡಂ ಟೀ ಕಪ್ಪು ಕೆಳಗಿಟ್ಟರು. “ಗೊತ್ತು.”

“ಅಂ… ಅವರು ಹೇಳಿದ್ರಾ?”

“ಯಾರು ಹೇಳಬೇಕು? ಒಂದು ವರ್ಷ ನನ್ನ ಗ್ರೀಕ್ ಪುಸ್ತಕ ಓದಿ ಕಲಿತೆ ಅಂತ ಬರೆದಿದ್ದೆ. ನಾನು ಈ ಜನ್ಮದಲ್ಲಿ ಗ್ರೀಕ್ ಪುಸ್ತಕ ಬರೆದಿಲ್ಲ ಕಣೆ!”

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಮತ್ತೆ… ಸೀಟು ಯಾಕೆ ಕೊಟ್ರಿ ಮೇಡಂ?”

“ನಮ್ಮ ವಿಭಾಗಕ್ಕೆ ಸುಳ್ಳು ಹೇಳಿ ನುಗ್ಗೋರು ಸಿಗೋದು ಅಪರೂಪ. ನಿಜ ಹೇಳಿ ತಪ್ಪಿಸ್ಕೊಳ್ಳೋರೇ ಜಾಸ್ತಿ. ಇಷ್ಟು ಆಸೆ ಇರೋಳು ಏನು ಮಾಡ್ತಾಳೋ ನೋಡೋಣ ಅಂತ ಆ ಪರೀಕ್ಷೆ ನಾನೇ ಇಡಿಸಿದ್ದು. ಅಂದ ಮಾತ್ರಕ್ಕೆ ಸುಳ್ಳು ಸರಿ ಅಂತಲ್ಲ. ಒಂದು ತಿಂಗಳು ಗ್ರಂಥಾಲಯದ ಸೂಚಿಪಟ್ಟಿ ತಿದ್ದು. ಅದರಲ್ಲಿ ತಪ್ಪು ಬೇಕಾದಷ್ಟಿವೆ.” ಅವರು ನಿಟ್ಟುಸಿರು ಬಿಟ್ಟರು. “ನೀನು ಉಳಿದೆ. ಆ ಪುಣ್ಯಾತ್ಮ ಹೊರಟ.”

“ಯಾರು ಮೇಡಂ?”

“ಸೈರನ್ ಕಣೆ! ಇವತ್ತು ಬೆಳಿಗ್ಗೆ ಓದು ಬಿಡ್ತೀನಿ ಅಂತ ಫಾರಂ ತಗೊಂಡು ಹೋದ. ತಿಳಿದವರೇ ‘ಆಗಲ್ಲ ಅಂದ್ರೆ ಬಿಡು’ ಅಂತ ಬರೆದುಕೊಟ್ಟಿದಾರಂತೆ. ಆ ಕ್ರಿಯಾಪದಗಳು ಅವನ ಜೀವ ತಿಂದುಬಿಟ್ವು. ತಿಂಗಳ ಕೆಳಗೆ ಇದೇ ಕುರ್ಚಿಯಲ್ಲಿ ಕೂತು ಗೋಳಾಡಿದ್ದ.”

ಪೆನ್ಸಿಲ್ ಮೇಜಿನ ಅಂಚು ಹಿಡಿದುಕೊಂಡಳು. “ಮೇಡಂ… ಅವತ್ತು ‘ದುರ್ಬಲ, ಒಳಗೆ ಟೊಳ್ಳು’ ಅಂತ ಅವರು ಹೇಳಿದ್ದು…”

“ಇನ್ನೇನು? ಹೀಬ್ರೂ ಕ್ರಿಯಾಪದ! ನಡುವಿನ ಅಕ್ಷರ ದುರ್ಬಲವಾಗಿದ್ರೆ ಅದು ಬಿದ್ದುಹೋಗುತ್ತೆ, ಟೊಳ್ಳು ಕ್ರಿಯಾಪದ ಅಂತೀವಿ. ಮುಂದಿನ ವಾರ ನಿಮಗೆಲ್ಲ ಅದೇ ಪಾಠ. ಅವನು ಪಾಠಕ್ಕೆ ಮೊದಲೇ ಗುಟ್ಟಾಗಿ ಅದನ್ನ ಹಿಡ್ಕೊಂಡಿದ್ದ. ನಿನಗಿಂತ ಹಿಂದೆ ಬೀಳಬಾರದಂತೆ. ಯಾಕೆ, ನೀನೇನು ಅಂದ್ಕೊಂಡಿದ್ದೆ?”

ಅಷ್ಟರಲ್ಲಾಗಲೇ ಅವಳು ಆಸ್ಪತ್ರೆಯತ್ತ ಬಿದ್ದೂ ಎದ್ದೂ ಓಡುತ್ತಿದ್ದಳು.

*

ಆಸ್ಪತ್ರೆಯ ಹಿಂಭಾಗದಲ್ಲಿ ಆಂಬುಲೆನ್ಸ್‌ಗಳು ಸಾಲಾಗಿ ನಿಂತಿದ್ದವು. ಅವನು ಪ್ಯಾಂಟು ಮೊಣಕಾಲಿಗೆ ಮಡಚಿ, ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಗಾಡಿಯ ಗಾಜು ಒರೆಸುತ್ತಿದ್ದ.

“ಫಾರಂ ಎಲ್ಲಿ?” ಏದುಸಿರು ಬಿಡುತ್ತಾ ಕೇಳಿದಳು.

“ಯಾವ ಫಾರಂ? ಓ… ಅದಾ… ಜೇಬಲ್ಲಿದೆ. ಸಹಿ ಒಂದು ಹಾಕಬೇಕು. ಅಂದ ಹಾಗೆ ಎಪ್ಪತ್ತಾರು ಬಂತಂತೆ? ನಾನು ಎಪ್ಪತ್ತೈದು ಅಂದ್ಕೊಂಡಿದ್ದೆ. ಒಂದು ಅಂಕ ನಿಮ್ಮ ಸ್ವಂತದ್ದು.”

ಇಂಥ ಹೊತ್ತಲ್ಲೂ ತಮಾಷೆ! ಅವಳಿಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೇ ಬಂದವು.

“ನಾನು ಅವತ್ತು ಬಾಗಿಲ ಹೊರಗೆ ನಿಂತು ಕೇಳಿಸ್ಕೊಂಡೆ. ದುರ್ಬಲ, ಟೊಳ್ಳು, ಜೀವನಪೂರ್ತಿ ಸಂಭಾಳಿಸೋಕಾಗಲ್ಲ ಅಂದ್ರಿ. ನನ್ನ ಬಗ್ಗೆನೇ ಅಂದ್ಕೊಂಡೆ! ಅದಕ್ಕೇ ಹಾಗೆ ಬರೆದೆ.”

ಅವನ ಕೈಯಿಂದ ಒದ್ದೆ ಬಟ್ಟೆ ಜಾರಿ ಬಕೆಟ್ಟಿಗೆ ಬಿತ್ತು.

“ನಿಮ್ಮ ಬಗ್ಗೆನಾ? ಟೊಳ್ಳು ಅಂತ? ನಿಮ್ಮನ್ನ?” ಅವನು ಒಂದು ಹೆಜ್ಜೆ ಮುಂದೆ ಬಂದ. “ಅಲ್ರೀ, ನೀವು ಬರೆದಿದ್ದು ನನ್ನ ಹೀಬ್ರೂ ಬಗ್ಗೆ ಅಂದ್ಕೊಂಡು ಒಂದು ತಿಂಗಳು ನಾನು ಊಟ ಸೇರದೆ ಒದ್ದಾಡಿದೆ!”

“ನಿಮ್ಮ ಹೀಬ್ರೂ ಕೆಟ್ಟದಾಗಿದೆ, ನಿಜ. ಹಾಗಂತ ಬಿಟ್ಟುಬಿಡಿ ಅಂತ ನಾನು ಹೇಳ್ತೀನಾ? ಇಲ್ಲಿ ಕೊಡಿ ಆ ಫಾರಂ.”

ಅವನು ಕೊಟ್ಟ. ಅವಳು ಅದನ್ನು ನಾಲ್ಕಾಗಿ ಹರಿದು ಬಕೆಟ್ಟಿಗೆ ಹಾಕಿದಳು.

ಅಕ್ಕಪಕ್ಕದ ಗಾಡಿಗಳಿಂದ ಇಬ್ಬರು ಡ್ರೈವರ್‌ಗಳ ತಲೆ ಹೊರಬಂತು. ಅವರಿಗೆ ಬೆನ್ನು ಮಾಡಿ ನಿಂತ ಅವನು, ಬಹಳ ಕಷ್ಟಪಟ್ಟು, ಮೊಟ್ಟಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ.

“ಒಂದು ಮಾತು ಹೇಳ್ಲಾ? ನನಗೆ ಹೀಬ್ರೂ ಹತ್ತದೇ ಇರೋಕೆ ಚುಕ್ಕಿಗಳು ಅರ್ಧ ಕಾರಣ ಅಷ್ಟೇ. ಇನ್ನರ್ಧ… ನೀವು ಹೇಳಿಕೊಡುವಾಗ ನಾನು ಪುಸ್ತಕ ನೋಡ್ತಾನೇ ಇರಲಿಲ್ಲ.”

ಅವಳಿಗೆ ಕಿವಿಯವರೆಗೂ ಬಿಸಿಯೇರಿತು. “ಮತ್ತೆ ಏನು ನೋಡ್ತಿದ್ರಿ?”

“ಎಲ್ಲಿ ತಪ್ಪು ಸಿಗುತ್ತೋ ಅಂತ ಹುಬ್ಬು ಗಂಟು ಹಾಕ್ತೀರಲ್ಲ, ಅದನ್ನ. ನೀವಿಲ್ಲದ ಈ ಒಂದು ತಿಂಗಳು ಆ ಲಾಂಡ್ರಿಗೆ ಕಾಲಿಡೋಕೂ ಆಗಲಿಲ್ಲ. ನನಗೆ ನೀವು ಬೇಕು ರೀ. ಪಾಠಕ್ಕಲ್ಲ… ಬದುಕಿಗೆ.”

ಅವಳು ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವನೂ ಬಂದು ಪಕ್ಕದಲ್ಲಿ ಕೂತ, ನಡುವೆ ಒಂದು ಗೇಣು ಜಾಗ ಬಿಟ್ಟು. ಸ್ವಲ್ಪ ಹೊತ್ತಿನ ನಂತರ ಆ ಗೇಣು ಜಾಗ ಎಲ್ಲಿ ಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

“ಮತ್ತೆ ನಾನು ಹೀಬ್ರೂನಲ್ಲಿ ಫೇಲಾದ್ರೆ?” ಅವನು ಕೇಳಿದ.

“ಮುಂದಿನ ವರ್ಷ ಬರೀರಿ.”

“ಆಗಲೂ ಫೇಲಾದ್ರೆ?”

“ಅದರ ಮುಂದಿನ ವರ್ಷ.”

“ಅಷ್ಟು ವರ್ಷ… ನೀವು ಇರ್ತೀರಾ?”

ಅವಳು ಅವನ ಒದ್ದೆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಸೋಪಿನ ನೊರೆ ಬೆರಳುಗಳ ಸಂದಿನಲ್ಲಿ ಜಾರುತ್ತಿತ್ತು.

“ಇರ್ತೀನಿ ಕಣೋ,” ಎಂದಳು.

ಆ ‘ಕಣೋ’ ಕೇಳಿ ಅವನು ಗಕ್ಕನೆ ಅವಳತ್ತ ತಿರುಗಿದ. ಆಮೇಲೆ ಕೇಳಿದ:

“ಇನ್ನೊಂದ್ಸಲ ಹೇಳು.”